ಹಳೆಯ ಒಡವೆಗೆ ಬೆಲೆ ಕಟ್ಟುವುದು ಹೇಗೆ?

ವಿದ್ಯಾರ್ಥಿಗಳೇ, ನಿಮ್ಮ ಕಾಲೇಜು ಶುಲ್ಕಕ್ಕೆಂದು ತಾಯಿಯವರು ತಮ್ಮ ಸರವನ್ನು ಯಾದಗಿರಿ, ಶಹಾಪುರ ಇಲ್ಲವೇ ಸುರಪುರದ ಸರಾಫರ ಅಂಗಡಿಗೆ ಒಯ್ದರೆಂದು ಭಾವಿಸಿರಿ. ಅಂಥದೇ ಹೊಸ ಸರಕ್ಕೆ ಆ ದಿನ ತೆರಬೇಕಾದಷ್ಟು ಹಣ ಅವರ ಕೈಗೆ ಬರುವುದಿಲ್ಲ. ಏಕೆ?

ಹೆಸರಾಂತ ಕಂಪನಿಯ ದುಬಾರಿ ಕೈಚೀಲವನ್ನು ಮರಳಿ ಮಾರುವಾಗ ತಯಾರಕರ ಹೆಸರಿಗೂ ಬೆಲೆಯುಂಟು. ಒಡವೆಯಲ್ಲಿ ಸಾಮಾನ್ಯವಾಗಿ ಮರಳಿ ಸಿಗುವುದು ಲೋಹದ ಬೆಲೆ ಮಾತ್ರ.

ಮೊದಲನೆಯದು ಶುದ್ಧತೆ. 22 ಕ್ಯಾರಟ್ ಒಡವೆಯ ಸಾವಿರ ಭಾಗಗಳಲ್ಲಿ 916 ಭಾಗ ಚಿನ್ನ. ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಎರಡನೆಯದು ನಿವ್ವಳ ತೂಕ. 10 ಗ್ರಾಂ ಸರದಲ್ಲಿ ಹರಳು, ಅರಗು ಸೇರಿ 1 ಗ್ರಾಂ ಇದ್ದರೆ ಲೆಕ್ಕಕ್ಕೆ ಬರುವುದು 9 ಗ್ರಾಂ. ಅದರಲ್ಲಿ ಅಪ್ಪಟ ಚಿನ್ನ ಸುಮಾರು 8.24 ಗ್ರಾಂ. ಮೂರನೆಯದು ಆ ದಿನದ ದರ. ಕೊಳ್ಳುವಾಗ ತೆತ್ತ ಮಜೂರಿ, ತೆರಿಗೆ ಮರಳಿ ಬಾರವು.

ಶುದ್ಧತೆಗೆ ಸಾಕ್ಷಿ ಹಾಲ್‌ಮಾರ್ಕ್. ಚಿನ್ನಕ್ಕೆ ಇದು 2000ದಲ್ಲಿ ಆರಂಭವಾಯಿತು. 2021ರ ಜೂನ್‌ನಲ್ಲಿ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಈಗಿನ ಹಾಲ್‌ಮಾರ್ಕ್‌ನಲ್ಲಿ ಭಾರತೀಯ ಮಾನಕ ಬ್ಯೂರೋದ ಗುರುತು, ಶುದ್ಧತೆಯ ಅಂಕಿ ಹಾಗೂ ಅಕ್ಷರ, ಅಂಕಿಗಳು ಕೂಡಿದ ಆರು ಸ್ಥಾನದ ಸಂಕೇತ ಇರುತ್ತವೆ. ಗುರುತಿಲ್ಲದ ಹಳೆಯ ಒಡವೆಯನ್ನೂ ಮಾರಬಹುದು. ಮೊದಲು ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷೆ ಮಾಡಿಸುವುದು ಲೇಸು.

ತಾಯಿಯವರೊಡನೆ ನೀವೂ ಹೋಗಿರಿ. ಶುದ್ಧತೆ, ನಿವ್ವಳ ತೂಕ, ದರ ಮೂರನ್ನೂ ಬರೆಸಿಕೊಂಡು ನೀವೇ ಗುಣಿಸಿ ನೋಡಿರಿ. ಶಾಲೆಯಲ್ಲಿ ಕಲಿತ ದಶಮಾಂಶ ಅಲ್ಲಿ ಕೈಹಿಡಿಯುತ್ತದೆ.