ಬೆಳ್ಳಿ ಹಾಳೆಗೂ ಬೆಂಕಿಗೂ ಏನು ಸಂಬಂಧ?

ಬೇಸಿಗೆ ಬಂತೆಂದರೆ ಮದ್ದೂರು, ಮಳವಳ್ಳಿ ಕಡೆ ಶೀಟು ಮನೆಗಳ ಒಳಗೆ ಬೆಳ್ಳಿ ಹಾಳೆ ಅಂಟಿಸಿದ ಥರ್ಮಾಕೋಲ್ ಹೊದಿಸುವ ಕೆಲಸ ಶುರುವಾಗುತ್ತದೆ. ಸೆಕೆ ತಡೆಯಲು ಏನಾದರೂ ಮಾಡಲೇಬೇಕು, ಒಪ್ಪಿದೆ. ಆದರೆ ಬಚ್ಚಲಿನ ಸೌದೆ ಬಾಯ್ಲರ್‌ನ ಹೊಗೆ ಪೈಪು ಶೀಟು ತೂರಿ ಹೋಗುವ ಜಾಗದಲ್ಲೂ ಸಂದು ಬಿಡದೆ ಅದನ್ನೇ ತುರುಕಿ, ‘ಬೆಳ್ಳಿ ಹಾಳೆ ಇದೆ, ಬೆಂಕಿ ಹತ್ತಲ್ಲ ಬಿಡಿ’ ಎನ್ನುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಆ ಹಾಳೆ ಅಲ್ಯೂಮಿನಿಯಂ. ಕಾದ ಶೀಟು ಸೂಸುವ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ನಿಜ. ಪೈಪಿಗೇ ತಾಗಿಕೊಂಡರೆ ಅದೇ ಹಾಳೆ ಶಾಖವನ್ನು ಒಳಕ್ಕೆ ದಾಟಿಸುತ್ತದೆ. ಥರ್ಮಾಕೋಲ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಒಲೆ ಚುರುಕಾಗಿ ಉರಿಯುವಾಗ ಒಂಟಿ ತಗಡಿನ ಪೈಪು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ‘ಅಂಗಡಿಯವನು ಕಡ್ಡಿ ಗೀರಿ ತೋರಿಸಿದ, ಹತ್ತಲಿಲ್ಲ’ ಎನ್ನುವವರಿದ್ದಾರೆ. ಬೆಂಕಿ ನಿರೋಧಕ ಬೆರೆಸಿದ ಥರ್ಮಾಕೋಲ್ ಕಡ್ಡಿ ಸರಿಸಿದೊಡನೆ ಆರಬಹುದು. ಕಡ್ಡಿ ಉರಿಯುವುದು ಕೆಲವೇ ಕ್ಷಣ, ಪೈಪು ಕಾಯುವುದು ದಿನವೂ ಬೆಳಗ್ಗೆ.

ನಮ್ಮಲ್ಲಿ ಉರಿಸುವುದಾದರೂ ಏನು? ಅರೆಬರೆ ಒಣಗಿದ ಎಳನೀರು ಬುರುಡೆ, ತೆಂಗಿನ ಮಟ್ಟೆ. ಹಸಿ ಸೌದೆಯ ಹೊಗೆ ಪೈಪಿನೊಳಗೆ ಡಾಂಬರಿನಂಥ ಮಸಿಯಾಗಿ ಕೂರುತ್ತದೆ. ಆ ಮಸಿಗೇ ಬೆಂಕಿ ಹತ್ತಿದರೆ ಒಳಗಿನ ಶಾಖ 1,000 ಡಿಗ್ರಿ ಮುಟ್ಟಬಲ್ಲದು. ‘ಹತ್ತು ವರ್ಷದಿಂದ ಏನೂ ಆಗಿಲ್ಲ’ ಎಂಬ ಧೈರ್ಯವೂ ಬೇಡ. ಪೈಪಿನ ಪಕ್ಕದ ಮರದ ರೀಪರ್ ವರ್ಷಗಟ್ಟಲೆ ಕಾದು ಕರಿಕಾದಷ್ಟೂ ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ.

ಪೈಪಿಗೆ ಹಸಿ ಗೋಣಿಚೀಲ ಸುತ್ತುವವರಿಗೆ ಒಂದೇ ಮಾತು: ಅದು ಒಣಗುತ್ತದೆ, ಆಮೇಲೆ ಉರಿಯುತ್ತದೆ. ಗ್ಯಾಸ್ ಗೀಸರ್‌ಗೆ ಹೊಗೆಯೇ ಇಲ್ಲ, ಪೈಪು ಯಾಕೆ ಎನ್ನುವವರು ಇನ್ನೂ ದೊಡ್ಡ ಅಪಾಯದಲ್ಲಿದ್ದಾರೆ. ಗೀಸರ್ ಉಗುಳಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನನಗೆ ಅರ್ಥವಾಗದ್ದು ಇದು. ಆಲೆಮನೆಯಲ್ಲಿ ಒಣಗಲು ಹರಡಿದ ಕಬ್ಬಿನ ಸಿಪ್ಪೆಯ ಹತ್ತಿರ ಬೀಡಿ ಹಚ್ಚಿದವನನ್ನು ಗದರಿಸಿ ಓಡಿಸುವ ಜನ, ಫೋನಿನಲ್ಲಿ ಬಂದ ಅರೆನಿಮಿಷದ ವಿಡಿಯೋ ನೋಡಿ ತಮ್ಮ ಮಕ್ಕಳು ಮಲಗುವ ಕೋಣೆಯ ಮೇಲೆ ಇಂಥದನ್ನು ಹೊದಿಸುತ್ತಾರೆ. ಬೆಂಕಿಯನ್ನು ತಲೆಮಾರುಗಳಿಂದ ಬಲ್ಲವರು ಯಾರೋ ಮಾರುವವನ ಮಾತಿಗೆ ತಮ್ಮ ತಿಳಿವಳಿಕೆಯನ್ನೇ ಬಿಟ್ಟುಕೊಡಬೇಕೆ?

ಒಂಟಿ ತಗಡಿನ ಪೈಪಿನ ಸುತ್ತ ಒಂದೂವರೆ ಅಡಿಯೊಳಗೆ ಮರ, ಥರ್ಮಾಕೋಲ್, ಹುಲ್ಲು, ಯಾವುದೂ ಇರಕೂಡದು. ತೂತಿಗೆ ಅಗಲವಾದ ತಗಡಿನ ಬಳೆ ಕೂರಿಸಿ, ಸಂದು ಮುಚ್ಚಲೇಬೇಕೆಂದರೆ ರಾಕ್‌ವುಲ್ ಹಾಕಿಸಿ. ಅದು ಕಲ್ಲು ಕರಗಿಸಿ ಎಳೆದ ನಾರು, ಉರಿಯುವುದಿಲ್ಲ. ಈಗಾಗಲೇ ತುರುಕಿದ್ದರೆ ಒಲೆ ಆರಿ ಪೈಪು ತಣ್ಣಗಾದ ಮೇಲೆ ಥರ್ಮಾಕೋಲನ್ನು ಅಷ್ಟಗಲ ಕೊಯ್ದು ತೆಗೆಯಿರಿ, ಪೈಪು ಬಿಚ್ಚಿ ಮಸಿ ಕೊಡವಿ.