ಚಕ್ರದ ಹಿಂದೆ ಒಂದು ಬಿಲ್ಲೆ

ಫೋರ್ಡ್ ಕಂಪನಿ 2022ರಲ್ಲಿ ಅಮೆರಿಕದ ಮಾರುಕಟ್ಟೆಗೆ ಎಫ್-150 ಲೈಟ್ನಿಂಗ್ ಎಂಬ ವಿದ್ಯುತ್ ಪಿಕಪ್ ಗಾಡಿಯನ್ನು ತಂದಿತು. ಚಕ್ರಗಳು ಹೊರಕ್ಕೆ ಚಾಚಿ ಗಾಡಿ ಗಟ್ಟಿಮುಟ್ಟಾಗಿ ಕಾಣಲೆಂದು ಕೆಲವರು ಸ್ಪೇಸರ್ ಹಾಕಿಸುವುದುಂಟು. ಸ್ಪೇಸರ್ ಅಂದರೆ ಅಚ್ಚಿನ ತುದಿಯ ಹಬ್‌ಗೂ ಚಕ್ರಕ್ಕೂ ನಡುವೆ ಕೂರುವ ದಪ್ಪ ಲೋಹದ ಬಿಲ್ಲೆ.

ಗಾಡಿ ಎತ್ತುವಾಗ ಜಾಕನ್ನು ಕೈಪಿಡಿ ತೋರಿಸಿದ ಜಾಗಕ್ಕೇ ಕೊಡಬೇಕು. ಹೊಟ್ಟೆಯಡಿ ಇರುವುದು ಬ್ಯಾಟರಿ. ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ತುಕ್ಕಿನ ಮೇಲೆ ಬಿಗಿದ ನಟ್ಟು ಓಡಾಟದಲ್ಲಿ ತಾನೇ ಸಡಿಲವಾದೀತು. ಮೊದಲು ಬಿಲ್ಲೆಯನ್ನು ಹಬ್‌ಗೆ, ಆಮೇಲೆ ಚಕ್ರವನ್ನು ಬಿಲ್ಲೆಗೆ, ಆರಾರು ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಚಕ್ರದ ನಟ್ಟಿಗೆ ಫೋರ್ಡ್ ಹೇಳುವ ಬಿಗಿತ 204 ನ್ಯೂಟನ್ ಮೀಟರ್. ಬಿಲ್ಲೆಗೆ ಅದನ್ನು ಮಾಡಿದವರು ಹೇಳಿದಷ್ಟು. ಟಾರ್ಕ್ ವ್ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿಯುವವನಿಗೆ ಗಾಡಿ ಕೊಡಬೇಡಿ.

ಒಂದು ಜೋಡಣೆ ಇದ್ದಲ್ಲಿ ಈಗ ಎರಡಾದವು, ಒಳಗಿನದು ಕಣ್ಣಿಗೆ ಬೀಳದು. ಗಾಡಿಯ ತೂಕವೋ ಸುಮಾರು ಮೂರು ಟನ್. ಕಾಲಿಟ್ಟ ಕ್ಷಣವೇ ಮೋಟಾರು ಜಗ್ಗುತ್ತದೆ. ಕಾಲು ತೆಗೆದರೆ ಅದೇ ಮೋಟಾರು ಚಕ್ರವನ್ನು ತಡೆಹಿಡಿಯುತ್ತದೆ. ನಟ್ಟಿಗೆ ಎರಡೂ ಕಡೆಯ ಎಳೆತ. ಆದ್ದರಿಂದ ಸುಮಾರು 160 ಕಿಲೋಮೀಟರ್ ಓಡುವುದರೊಳಗೆ ಚಕ್ರ ಬಿಚ್ಚಿ ಒಳಗಿನ ನಟ್ಟುಗಳನ್ನೂ ಮತ್ತೆ ಪರೀಕ್ಷಿಸಬೇಕು. ಲೆಡ್ಜರಿನ ಮೊತ್ತವನ್ನು ಎರಡನೇ ಸಲ ಕೂಡಿದ ಹಾಗೆ! ಬೇಸರದ ಕೆಲಸ, ಬಿಟ್ಟರೆ ನಡುರಸ್ತೆಯಲ್ಲಿ ಚಕ್ರ ಕಳಚೀತು.

ಬೇರಿಂಗ್ ಬೇಗ ಸವೆಯುವುದು ಬೇರೆ. ನಮ್ಮ ದೇಶದಲ್ಲಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡುಗಳಿಗೆ ಕಡಿವಾಣ ಹಾಕುತ್ತದೆ. ವಿದ್ಯುತ್ ಗಾಡಿ ಕೊಂಡವರು ಬಿಲ್ಲೆಗೆ ದುಡ್ಡು ಕೊಡುವ ಮುಂಚೆ ಆರ್.ಟಿ.ಓ. ಕಚೇರಿಯಲ್ಲಿ ಒಂದು ಮಾತು ಕೇಳಿ.