ಪುತ್ತೂರಿನ ಕೊಕ್ಕೊ, ಹೊಸೂರಿನ ಚಳಿ

ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಹೊಸೂರು ಸೀಮೆಗೆ ಮಾರ್ಗಶಿರದ ಚಳಿ ಬೇಗ ಇಳಿಯುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಅವಲಪಲ್ಲಿಯಂಥ ಬಡಾವಣೆಗಳಲ್ಲಿ ಸಂಜೆ ಕಾಫಿಯ ಘಮಕ್ಕೆ ಎದುರಾಳಿ ಇಲ್ಲ. ಆದರೂ ವಾರಕ್ಕೊಮ್ಮೆಯಾದರೂ ಒಲೆಯ ಮೇಲೆ ಗಟ್ಟಿ ಚಾಕೊಲೇಟ್ ಹಾಲು ಕುದಿಯಲಿ ಎಂಬುದು ನನ್ನ ಆಸೆ. ಅದಕ್ಕೆ ಬೇಕಾದ ಕೊಕ್ಕೊ ನಮ್ಮವರ ತೋಟದಲ್ಲೇ ಬೆಳೆಯುತ್ತದೆ.

ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳ ನೆರಳಿಗೆ ಕೊಕ್ಕೊ ಉಪಬೆಳೆಯಾಗಿ ಬಂದದ್ದು 1970ರ ದಶಕದಲ್ಲಿ. ದಶಕ ಮುಗಿಯುವ ಹೊತ್ತಿಗೆ ಜಾಗತಿಕ ಬೆಲೆ ಕುಸಿಯಿತು, ಖಾಸಗಿ ಖರೀದಿದಾರರು ಹಿಂದೆ ಸರಿದರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೊ ಕೊಳ್ಳಲು ಮುಂದಾಯಿತು. ಕೊಂಡ ಬೀಜಕ್ಕೆ ಒಂದು ದಾರಿ ಬೇಕಲ್ಲ? 1986ರಲ್ಲಿ ಪುತ್ತೂರಿನಲ್ಲಿ ಸಹಕಾರಿಯದೇ ಚಾಕೊಲೇಟ್ ಕಾರ್ಖಾನೆ ಎದ್ದಿತು; ಉದ್ಘಾಟಿಸಿದವರು ರಾಷ್ಟ್ರಪತಿ ಜೈಲ್ ಸಿಂಗ್. ರೈತರೇ ಒಡೆಯರಾದ ಕಾರ್ಖಾನೆಯ ಚಾಕೊಲೇಟ್ ಎಂಬುದು ನನ್ನ ಪಾಲಿಗೆ ಸಣ್ಣ ಸಂಗತಿಯಲ್ಲ.

ರುಚಿ ಹುಟ್ಟುವುದು ಮಾತ್ರ ಕಾರ್ಖಾನೆಗೂ ಮೊದಲೇ. ಕಾಯಿ ಒಡೆದರೆ ಬಿಳಿ ಲೋಳೆ ಮೆತ್ತಿಕೊಂಡ ಮೂವತ್ತು ನಲವತ್ತು ಬೀಜ. ಲೋಳೆ ಸಿಹಿಹುಳಿ, ಚೀಪಲು ಸೊಗಸು. ಒಳಗಿನ ನೇರಳೆ ಬೀಜ ಜಗಿದರೆ ಬರೀ ಕಹಿ, ಒಗರು. ಚಾಕೊಲೇಟಿನ ಸುಳಿವೇ ಇಲ್ಲ. ಹಸಿ ಬೀಜವನ್ನು ಬುಟ್ಟಿಗೋ ಮರದ ಪೆಟ್ಟಿಗೆಗೋ ತುಂಬಿ, ಬಾಳೆಲೆ ಮುಚ್ಚಿ ಐದಾರು ದಿನ ಹುದುಗಲು ಬಿಡುತ್ತಾರೆ. ಲೋಳೆಯ ಸಕ್ಕರೆ ಮೊದಲು ಮದ್ಯಸಾರವಾಗಿ, ಆಮೇಲೆ ಹುಳಿಯಾಗಿ ತಿರುಗುವಾಗ ರಾಶಿ 45-50 ಡಿಗ್ರಿವರೆಗೆ ಕಾಯುತ್ತದೆ. ನಡುನಡುವೆ ಮಗುಚಿ ಹಾಕಬೇಕು. ಆ ಕಾವಿಗೆ, ಹುಳಿಗೆ ಬೀಜದ ಜೀವ ಹೋಗಿ, ನೇರಳೆ ಕಂದಾಗಿ, ಒಗರು ಇಳಿಯುತ್ತದೆ. ಬಳಿಕ ಒಣಗಿಸಿ ಹುರಿದಾಗ ಬರುವುದೇ ನಮಗೆ ಗೊತ್ತಿರುವ ಪರಿಮಳ. ಹುದುಗು ಕೆಟ್ಟರೆ ಯಾವ ಅಡುಗೆಯವರೂ ಅದನ್ನು ಸರಿಮಾಡಲಾರರು.

ಬೀಜದ ಅರ್ಧದಷ್ಟು ಕೊಬ್ಬು. 1828ರಲ್ಲಿ ನೆದರ್ಲೆಂಡಿನ ವಾನ್ ಹೌಟೆನ್ ಕುಟುಂಬ ಅದನ್ನು ಒತ್ತಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಉಳಿದ ಹಿಂಡಿಯ ಪುಡಿಯೇ ಕೊಕೊ ಪೌಡರ್. ಬರೀ ಪುಡಿ ಕಲಸಿದ ಹಾಲು ತೆಳ್ಳಗೆನಿಸುವುದು ಇದಕ್ಕೇ. ಹೋದ ಕೊಬ್ಬನ್ನು ಹಿಂದಕ್ಕೆ ಕೊಡಬೇಕು.

ಎರಡು ಲೋಟಕ್ಕೆ ಲೆಕ್ಕ ಹೀಗೆ: ಎರಡು ದೊಡ್ಡ ಚಮಚ ಸಿಹಿಯಿಲ್ಲದ ಕೊಕೊ ಪುಡಿ, ಅಷ್ಟೇ ಸಕ್ಕರೆ, ಚಿಟಿಕೆ ಉಪ್ಪು, ಒಂದು ಸಣ್ಣ ಚಮಚ ರಾಗಿ ಹಿಟ್ಟು. ಹೌದು, ರಾಗಿ. ಹೊರನಾಡಿನವರು ಮೆಕ್ಕೆಜೋಳದ ಗಂಜಿಪುಡಿ ಹಾಕುವ ಕಡೆ ಹೊಸೂರಿನ ಹೊಲದ ರಾಗಿ ಇನ್ನೂ ಚೆನ್ನ. ಅದರ ಹುರಿದಂಥ ವಾಸನೆ ಕೊಕ್ಕೊಗೆ ಹೊಂದುತ್ತದೆ. ಎಲ್ಲವನ್ನೂ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ. ಅಂಬಲಿಯಂತೆ ಹೊಳಪು ಬಂದು ಹಸಿ ವಾಸನೆ ಹೋದ ಮೇಲೆ ನಾನೂರು ಮಿಲಿ ಗಟ್ಟಿ ಹಾಲು ಸುರಿಯಿರಿ. ಕುದಿ ಹತ್ತುತ್ತಿದ್ದಂತೆ ಒಲೆ ಆರಿಸಿ, ಮೂವತ್ತು ಗ್ರಾಂ ಡಾರ್ಕ್ ಚಾಕೊಲೇಟ್ ಮುರಿದು ಹಾಕಿ ಕಡೆಯಿರಿ. ಕೊಕ್ಕೊ ಹಾಲಿನಲ್ಲಿ ಕರಗುವುದಿಲ್ಲ, ತೇಲಿಕೊಂಡಿರುತ್ತದೆ ಅಷ್ಟೆ; ತಳಕ್ಕಿಳಿಯದಂತೆ ಹಿಡಿದಿಡುವುದು ರಾಗಿಯ ಗಂಜಿ.

ಪರಿಮಳಕ್ಕೆ ಏಲಕ್ಕಿ ಸಾಕು. ಶೀತವಾಗಿದ್ದರೆ ಶುಂಠಿ, ಕಾಳುಮೆಣಸು. ದೊಡ್ಡವರಿಗೆ ಎರಡು ಚಮಚ ಕಾಫಿ ಡಿಕಾಕ್ಷನ್ ಬೆರೆಸಿದರೆ ಕೊಕ್ಕೊ ಇನ್ನಷ್ಟು ಗಾಢವಾಗುತ್ತದೆ. ಬೆಲ್ಲ ಇಷ್ಟಪಡುವವರು ಹಾಲು ಕೆಳಗಿಳಿಸಿದ ಮೇಲೆಯೇ ಹಾಕಿ. ಕುದಿಯುವಾಗ ಹಾಕಿದರೆ ಒಡೆಯಬಹುದು.

ಡಬ್ಬ ಕೊಳ್ಳುವಾಗ ಹಿಂಬದಿ ಓದಿ. ಸಾಮಗ್ರಿಗಳನ್ನು ತೂಕದ ಇಳಿಕೆಯಲ್ಲೇ ಅಚ್ಚು ಹಾಕುತ್ತಾರೆ. ಮೊದಲ ಹೆಸರು ಸಕ್ಕರೆಯಾಗಿದ್ದರೆ ಮೇಲಿನ ಲೆಕ್ಕದ ಸಕ್ಕರೆ ಬಿಟ್ಟುಬಿಡಿ.